‘ಇಲ್ಲ’ ಬೇರೆ, ‘ಅಲ್ಲ’ ಬೇರೆ

ಸೋಮನಾಥಪುರದಲ್ಲಿ 1258ರಲ್ಲಿ ಪ್ರತಿಷ್ಠಾಪನೆಯಾದ ಹೊಯ್ಸಳ ದೇಗುಲದ ನಡುವಣ ಗರ್ಭಗುಡಿಯಲ್ಲಿ ಮೂಲ ಕೇಶವ ವಿಗ್ರಹ ಇಲ್ಲ. ಈಗ ಅಲ್ಲಿರುವುದು ಮೂಲ ವಿಗ್ರಹ ಅಲ್ಲ. ಮೊದಲ ಮಾತು ಇರುವಿಕೆಯನ್ನು ನಿರಾಕರಿಸುತ್ತದೆ, ಎರಡನೆಯದು ಗುರುತನ್ನು. ಈ ಭೇದವನ್ನು ಕನ್ನಡ ಕ್ರಿಯಾಪದದಲ್ಲೇ ಇಟ್ಟಿದೆ. ಮಲಯಾಳದಲ್ಲೂ ಇದು ಉಳಿದಿದೆ. ತುರ್ಕಿಯವರಿಗೆ ‘ಯೋಕ್’, ‘ದೆಯಿಲ್’ ಎಂಬ ಜೋಡಿಯಿದೆ. ಇಂದಿನ ತಮಿಳಿನ ಆಡುಮಾತಿನಲ್ಲಿ ‘ಇಲ್ಲೆ’, ಹಿಂದಿಯಲ್ಲಿ ‘ನಹೀಂ’ ಎರಡಕ್ಕೂ ಸಲ್ಲುತ್ತವೆ.

ಹಾಗಾದರೆ ಅವರಿಗೆ ಭೇದ ತಿಳಿಯದೇ? ಖಂಡಿತ ತಿಳಿಯುತ್ತದೆ, ವಾಕ್ಯದ ಜೋಡಣೆಯಿಂದ, ಸಂದರ್ಭದಿಂದ ತಿಳಿಸುತ್ತಾರೆ. ‘ಬರಲಿಲ್ಲ’ ಎಂಬಲ್ಲಿ ‘ಇಲ್ಲ’ ಇರುವಿಕೆಯನ್ನು ಮೀರಿತಲ್ಲ ಎಂಬ ಆಕ್ಷೇಪವೂ ಉಂಟು. ಅಲ್ಲಿಯೂ ಅದು ಬರುವ ಕ್ರಿಯೆಯೇ ನಡೆಯಲಿಲ್ಲ ಎನ್ನುತ್ತದೆ. ‘ಬಂದದ್ದು ಅವನಲ್ಲ’ ಎಂದಾಗ ಬಂದವರು ಯಾರೋ ಇದ್ದಾರೆ, ಗುರುತು ಮಾತ್ರ ಬೇರೆ. ಮಕ್ಕಳಿಗೆ ವ್ಯಾಕರಣ ಕಲಿಸುವಾಗ ಈ ಸೂಕ್ಷ್ಮವನ್ನು ಮೊದಲೇ ತೋರಿಸಿಕೊಡಬೇಕು.