ಮೂರು ಚೌಕದ ಕಲ್ಯಾಣ

ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಕನ್ನಡ ಪೇಪರಿನ ಪುರವಣಿ ಮೊದಲು ಹೋಗುವುದು ಮಾವನವರ ಕೈಗೆ. ಚಹಾ ಕುಡಿದು ಮುಗಿಸಿ, ಕನ್ನಡಕ ಒರೆಸಿ, ಪೆನ್ಸಿಲು ರಬ್ಬರು ಹಿಡಿದು ಬಾಲ್ಕನಿಯ ಕುರ್ಚಿಯಲ್ಲಿ ಕೂತರೆಂದರೆ ಪದಬಂಧ ಮುಗಿಯುವ ತನಕ ಏಳುವವರಲ್ಲ. ಪೆನ್ನು ಮುಟ್ಟುವುದಿಲ್ಲ. ತಪ್ಪಿದರೆ ಅಳಿಸಬೇಕಲ್ಲ.

ಮೊನ್ನೆ ಅವರನ್ನು ಕಟ್ಟಿ ಹಾಕಿದ್ದು ಒಂದು ಸಣ್ಣ ಸುಳಿವು. ಎಡದಿಂದ ಬಲಕ್ಕೆ: ಚಾಲುಕ್ಯರ ರಾಜಧಾನಿ (3). ಮಾವ ಯೋಚನೆಯನ್ನೇ ಮಾಡದೆ ಬಾ, ದಾ, ಮಿ ಎಂದು ತುಂಬಿಸಿದರು. ಆಮೇಲೆ ಅದೇ ನಡುವಿನ ಚೌಕಕ್ಕೆ ಬಂದು ನಿಲ್ಲುವ, ಮೇಲಿನಿಂದ ಕೆಳಕ್ಕೆ ಇಳಿಯುವ ಇನ್ನೊಂದು ಸುಳಿವು ಓದಿದರು: ಮಹೇಶ್ವರದಿಂದ ಆಳಿದ ಹೋಳ್ಕರ್ ರಾಣಿ, ಡ್ಯಾಶ್ ಬಾಯಿ (3). ಅವರಿಗೆ ಹೆಸರು ಬರಲೊಲ್ಲದು. ಪಕ್ಕದಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ನನ್ನ ಮಗಳು ತಲೆ ಎತ್ತದೆ "ಅಹಿಲ್ಯಾ" ಅಂದಳು. ಶಾಲೆಯ ಇತಿಹಾಸದಲ್ಲಿ ಓದಿದ್ದಾಳೆ. ಅಹಮದ್‌ನಗರಕ್ಕೆ ಈಗ ಅಹಿಲ್ಯಾನಗರ ಎಂದು ಹೆಸರಾದದ್ದೂ ಗೊತ್ತು. ಮರಾಠಿಯಲ್ಲಿ ಅಹಿಲ್ಯಾ, ಕನ್ನಡದಲ್ಲಿ ಅಹಲ್ಯಾ. ಎರಡನೆಯ ಚೌಕದ ಗುಡಿಸು ಮಾತ್ರ ವ್ಯತ್ಯಾಸ, ಮೂರನೆಯದು ಎರಡೂ ಕಡೆ "ಲ್ಯಾ"ನೇ. ಅಂದಮೇಲೆ ಬಾದಾಮಿ ನಿಲ್ಲುವುದಿಲ್ಲ. ಮಾವ ಅಳಿಸಿ ಬರೆದರು: ಕ, ಲ್ಯಾ, ಣ.

"ಅಜ್ಜ, ಠಾಕುರ್ಲಿ ಆದ್ಮೇಲೆ ಬರುವ ನಮ್ಮ ಕಲ್ಯಾಣನಾ?"

"ಅಲ್ಲ ಮಗಾ. ಇದು ಬೀದರಿನದು. ಬಸವಣ್ಣನವರ ಕಲ್ಯಾಣ."

ಆ ಹತ್ತು ನಿಮಿಷದಲ್ಲಿ ಇಬ್ಬರ ತಲೆಯೊಳಗೂ ನಡೆದದ್ದೇನು ಎಂಬುದನ್ನು ವಿಜ್ಞಾನ ಸಾಕಷ್ಟು ವಿವರವಾಗಿ ಹೇಳಬಲ್ಲದು. ಸಾಮಾನ್ಯ ಜ್ಞಾನದ ಪದಬಂಧ ಎಂದರೆ ಚಿಲ್ಲರೆ ಸಂಗತಿಗಳ ಬಾಯಿಪಾಠ ಎಂದು ಹಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಒಂಟಿ ಸಂಗತಿಗೆ ಅಲ್ಲಿ ಕೆಲಸವೇ ಇಲ್ಲ. ಇನ್ನೊಂದರ ಜೊತೆ ಹೆಣೆದುಕೊಂಡರೆ ಮಾತ್ರ ಅದು ಉತ್ತರವಾಗುತ್ತದೆ.

ಮೊದಲು ಚೌಕದ ಲೆಕ್ಕ ನೋಡೋಣ. ಈ ಆಟ ಶುರುವಾದದ್ದು ಇಂಗ್ಲಿಷಿನಲ್ಲಿ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ವಜ್ರದಾಕಾರದ ಒಂದು ಪದಬಂಧ ಅಚ್ಚು ಹಾಕಿಸಿದರು. ಇಂಗ್ಲಿಷಿನಲ್ಲಿ ಚೌಕಕ್ಕೊಂದು ಲಿಪಿ ಚಿಹ್ನೆ, ಒಟ್ಟು 26. ಡೊಂಬಿವಲಿಗೆ ಅಲ್ಲಿ ಎಂಟು ಚೌಕ ಬೇಕು. ಕನ್ನಡದಲ್ಲಿ ನಾಲ್ಕೇ ಸಾಕು: ಡೊಂ, ಬಿ, ವ, ಲಿ. ಸೊನ್ನೆ, ಒತ್ತು, ಗುಡಿಸು, ಕೊಂಬು ಎಲ್ಲವೂ ಒಂದೇ ಚೌಕದೊಳಗೆ ಹಿಡಿಯಬೇಕು. ನಮ್ಮ 34 ವ್ಯಂಜನಗಳನ್ನು 13 ಸ್ವರಗಳಿಂದ ಗುಣಿಸಿದರೆ 442 ಬರುತ್ತದೆ. ಬಿಡಿ ಸ್ವರಗಳನ್ನು ಸೇರಿಸಿದರೆ 455. ಒತ್ತಕ್ಷರ, ಅನುಸ್ವಾರ ಇನ್ನೂ ಎಣಿಸಿಲ್ಲ. ಅಂದರೆ ಕನ್ನಡದ ಒಂದು ಚೌಕದಲ್ಲಿ ಕೂರಬಹುದಾದ ಅಕ್ಷರಗಳು ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇದನ್ನು ಅಳೆಯಲು ಮಾಹಿತಿ ವಿಜ್ಞಾನದಲ್ಲಿ "ಬಿಟ್" ಎಂಬ ಮಾನ ಇದೆ. ಹೌದು ಅಥವಾ ಅಲ್ಲ ಎಂದು ಉತ್ತರ ಬರುವ ಒಂದು ಪ್ರಶ್ನೆ ಬಿಡಿಸಿದರೆ ಒಂದು ಬಿಟ್ ಮಾಹಿತಿ ಸಿಕ್ಕಿದ ಹಾಗೆ. 26 ಚಿಹ್ನೆಗಳೂ ಸಮನಾಗಿ ಬಳಕೆಯಾಗುತ್ತವೆ ಎಂದು ಹಿಡಿದರೆ ಇಂಗ್ಲಿಷಿನ ಒಂದು ಚೌಕ ಗೊತ್ತಾದಾಗ ಸಿಗುವುದು ಸುಮಾರು 4.7 ಬಿಟ್. ಅದೇ ಲೆಕ್ಕದಲ್ಲಿ ಕನ್ನಡದ 455ಕ್ಕೆ ಸುಮಾರು 8.8 ಬಿಟ್. ನಿಜದಲ್ಲಿ ಎಲ್ಲ ಅಕ್ಷರಗಳೂ ಸಮನಾಗಿ ಬರುವುದಿಲ್ಲ, "ಕ"ದ ಬಳಕೆ ಎಲ್ಲಿ, "ಝೌ"ದ ಬಳಕೆ ಎಲ್ಲಿ. ಆದರೂ ಕನ್ನಡದಲ್ಲಿ ಒಂದು ಅಡ್ಡ ಅಕ್ಷರ ಕೈಗೆ ಸಿಕ್ಕಿದರೆ ಅರ್ಧ ಯುದ್ಧ ಗೆದ್ದಂತೆ ಎಂಬ ಮಾವನವರ ಅನುಭವಕ್ಕೆ ಈ ಲೆಕ್ಕ ಸಾಕ್ಷಿ ಹೇಳುತ್ತದೆ. "ಲ್ಯಾ" ಎಂಬ ಅಕ್ಷರ ನಡುವಿಗೆ ಬರುವ ಮೂರಕ್ಷರದ ಊರು ಇನ್ನಾವುದಿದೆ, ಹುಡುಕಿ ನೋಡಿ.

ಬಿಡಿಸುವವರಿಗೆ ಆದ ಲಾಭ ಹೆಣೆಯುವವರಿಗೆ ಕಷ್ಟ. ಎರಡು ಪದಗಳು ಒಂದನ್ನೊಂದು ದಾಟಬೇಕಾದರೆ ಒಂದೇ ಅಕ್ಷರ, ಒಂದೇ ಕಾಗುಣಿತ, ಒಂದೇ ಒತ್ತು ಎರಡರಲ್ಲೂ ಇರಬೇಕು. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿ ಸಿದ್ಧಾಂತಕ್ಕೆ ತಳಪಾಯ ಹಾಕಿದ ತಮ್ಮ ಪ್ರಬಂಧದಲ್ಲಿ ಪದಬಂಧವನ್ನೂ ಪ್ರಸ್ತಾಪಿಸಿದ್ದಾರೆ. ಒಂದು ಭಾಷೆಯಲ್ಲಿ ಅಕ್ಷರಗಳನ್ನು ಹೇಗೆ ಜೋಡಿಸಿದರೂ ಪದವಾಗುವುದಾದರೆ ಯಾವ ಚೌಕಮಣೆಯೂ ಪದಬಂಧವೇ. ಮುಂದಿನ ಅಕ್ಷರ ಯಾವುದೆಂದು ತೀರಾ ಸುಲಭವಾಗಿ ಊಹಿಸಬಹುದಾದರೆ, ಅಂದರೆ ಕಟ್ಟುಪಾಡು ತುಂಬ ಹೆಚ್ಚಾದರೆ, ದೊಡ್ಡ ಪದಬಂಧ ಕಟ್ಟುವುದೇ ಅಸಾಧ್ಯ. ಆ ಕಟ್ಟುಪಾಡು ಅರ್ಧದಷ್ಟಿದ್ದಾಗ ದೊಡ್ಡ ಪದಬಂಧ ಹೇಗೋ ಸಾಧ್ಯ. ಇಂಗ್ಲಿಷು ಹೆಚ್ಚುಕಡಿಮೆ ಆ ಗಡಿಯಲ್ಲಿದೆ ಎಂದು ಅವರ ಅಂದಾಜು. ಮೂರನೇ ಒಂದರಷ್ಟಿದ್ದರೆ ಉದ್ದ, ಅಗಲ, ಎತ್ತರ ಮೂರೂ ಇರುವ ಪದಬಂಧ ಕೂಡ ಕಟ್ಟಬಹುದಂತೆ.

ಇದನ್ನು ಓದಿದ ಮೇಲೆ ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ. ನಾ. ಪ್ರಹ್ಲಾದರಾವ್ ಅವರ ಸಾಧನೆಯ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು. ಕನ್ನಡದಲ್ಲಿ 30,000ಕ್ಕೂ ಹೆಚ್ಚು ಪದಬಂಧ ಹೆಣೆದು ಲಿಮ್ಕಾ ದಾಖಲೆ ಪುಸ್ತಕ ಸೇರಿದವರು ಅವರು. ಒಂದೊಂದು ಬಂಧದಲ್ಲೂ ಈ ಒತ್ತು ದೀರ್ಘಗಳನ್ನು ಹೊಂದಿಸುವುದು ಏನು ಕಷ್ಟ ಎಂಬುದು ಹಾಳೆ ಪೆನ್ಸಿಲು ಹಿಡಿದು ಕೂತವರಿಗೇ ಗೊತ್ತು.

ಇನ್ನು ನೆನಪಿನ ವಿಚಾರ. ಅಹಲ್ಯಾಬಾಯಿಯ ಹೆಸರು ಮಾವನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲಿಗೆಯ ತುದಿಗೆ ಬಂದು ನಿಂತಿತ್ತು. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ ಈ ನಾಲಿಗೆ ತುದಿಯ ಸ್ಥಿತಿಯನ್ನೇ ಪರೀಕ್ಷೆಗೆ ಒಡ್ಡಿದರು. ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ಹೊರಗೆ ಬಾರದೆ ಒದ್ದಾಡಿದವರು ಕೂಡ ಅದರ ಮೊದಲ ಅಕ್ಷರ ಯಾವುದು, ಉಚ್ಚರಿಸುವಾಗ ಎಷ್ಟು ತುಂಡಾಗುತ್ತದೆ ಎಂಬುದನ್ನು ಬಹಳ ಸಲ ಸರಿಯಾಗಿ ಹೇಳಿದರು. ಅಂದರೆ ಪದ ಮರೆತರೂ ಪದದ ಅಸ್ಥಿಪಂಜರ ನೆನಪಿನಲ್ಲಿ ಉಳಿದಿರುತ್ತದೆ. ಕನ್ನಡದ ಚೌಕ ಹೆಚ್ಚುಕಡಿಮೆ ಇದೇ ಉಚ್ಚಾರದ ತುಂಡು! ಸುಳಿವಿನ ಪಕ್ಕದಲ್ಲಿ (3) ಎಂದು ಬರೆದಾಗ, ನೆನಪು ತಾನಾಗಿ ಹಿಡಿದಿಟ್ಟುಕೊಂಡಿರುವ ಲೆಕ್ಕವನ್ನೇ ನಮ್ಮ ಪದಬಂಧ ಕೈಗೆ ಕೊಡುತ್ತದೆ. ಲಿಪಿ ಚಿಹ್ನೆ ಎಣಿಸುವ ಇಂಗ್ಲಿಷಿಗೆ ಈ ಅನುಕೂಲವಿಲ್ಲ.

ಇಲ್ಲಿಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳುವೋ ಕನ್ನಡವೋ, ಬಿಲ್ಡಿಂಗಿನಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು. "ಸಾರಿಗೆ ಹುಳಿ ಕೊಡುವ ಕಾಯಿ (3)" ಎಂದರೆ ಮೊದಲು ಬಾಯಿಗೆ ಬರುವುದು ಪುಳಿ ಅಥವಾ ಚಿಂಚ್. ಹುಣಸೆ ಹಿಂದಿನಿಂದ ಬರುತ್ತದೆ. ಎರಡು ಭಾಷೆ ಬಲ್ಲವರಿಗೆ ನಾಲಿಗೆ ತುದಿಯ ಒದ್ದಾಟ ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಪ್ರತಿ ಭಾಷೆಯ ಪದವೂ ಬಳಕೆಯಾಗುವುದು ಕಡಿಮೆ ಸಲ, ಹಾಗಾಗಿ ಅದರ ದಾರಿ ಸವೆದಿರುವುದಿಲ್ಲ ಎಂಬುದು ಅವರು ಕೊಡುವ ಒಂದು ಕಾರಣ. ಬಳಸಿದಷ್ಟೂ ದಾರಿ ಹಸನಾಗುತ್ತದೆ. ವಾರಕ್ಕೊಂದು ಪದಬಂಧ ಬಿಡಿಸುವ ಮಾವನವರ ಕನ್ನಡ ನನ್ನದಕ್ಕಿಂತ ಚುರುಕಾಗಿರುವುದಕ್ಕೆ ನಾನು ಬೇರೆ ಕಾರಣ ಹುಡುಕುವುದಿಲ್ಲ.

ಅಂ __ ರ __ ಥ. ಇದು ಯಾವ ಊರು? ಕರ್ಜತ್ ಕಡೆಯ ಲೋಕಲ್ ಹತ್ತುವವರಿಗೆ ಕಣ್ಣು ಹಾಯಿಸಿದರೆ ಸಾಕು, ಅಂಬರನಾಥ. ಹೀಗೆ ಅರೆಬರೆ ಪದ ತುಂಬಿಸುವ ಪರೀಕ್ಷೆಯನ್ನು ಎಂಡೆಲ್ ಟುಲ್ವಿಂಗ್ ಮತ್ತು ಸಂಗಡಿಗರು 1982ರಲ್ಲಿ ನಡೆಸಿದರು. ಮೊದಲೇ ಒಮ್ಮೆ ಕಣ್ಣಿಗೆ ಬಿದ್ದ ಪದವನ್ನು ಜನ ಹೆಚ್ಚು ಸಲ ಸರಿಯಾಗಿ ತುಂಬಿಸಿದರು. ಏಳು ದಿನ ಕಳೆದ ಮೇಲೂ ಆ ಅನುಕೂಲ ಉಳಿದಿತ್ತು; ಆದರೆ ಆ ಪದವನ್ನು ಪಟ್ಟಿಯಲ್ಲಿ ಓದಿದ್ದೆವೆಂಬ ನೆನಪು ಅಷ್ಟರೊಳಗೆ ಬಹಳ ಮಸುಕಾಗಿತ್ತು. ಎಲ್ಲಿ ಓದಿದೆ ಎಂದು ಗೊತ್ತಿಲ್ಲ, ಆದರೂ ಉತ್ತರ ಬರುತ್ತದೆ. ಸ್ಟೇಶನ್ನಿನ ಫಲಕ, ಅಂಗಡಿಯ ಬೋರ್ಡು, ಯಾರೋ ಆಡಿದ ಮಾತು ಎಲ್ಲವೂ ನಮಗೆ ಅರಿವಿಲ್ಲದೆ ಬೀಜ ಬಿತ್ತಿ ಹೋಗಿರುತ್ತವೆ.

ಇಂಥ ಬೀಜಗಳಿಗೆ ನಮ್ಮ ಈ ಪ್ರದೇಶದಲ್ಲಿ ಬರವಿಲ್ಲ. ಅಂಬರನಾಥದ ಶಿವಾಲಯ 1060ರದ್ದು, ಶಿಲಾಹಾರರ ಕಾಲದ್ದು. ಉತ್ತರ ಕೊಂಕಣದ ಆ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಅವರ ರಾಜಧಾನಿ ಸ್ಥಾನಕವೇ ಇಂದಿನ ಠಾಣೆ. ನಾವು ಹೊಟ್ಟೆಪಾಡಿಗೆ ಬಂದ ಊರಿಗೂ ಕಲಬುರಗಿ ಜಿಲ್ಲೆಯ ಮಳಖೇಡಕ್ಕೂ ಸಾವಿರ ವರ್ಷದ ಹಿಂದೆಯೇ ಕೊಂಡಿ ಬಿದ್ದಿತ್ತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ 400 ಜನರನ್ನು ಕೂರಿಸಿಕೊಂಡು ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿ ನಿಂತದ್ದು ಅದೇ ಠಾಣೆಯಲ್ಲಿ. ಎಳೆದ ಮೂರು ಎಂಜಿನ್ನುಗಳು ಸಾಹಿಬ್, ಸಿಂಧ್, ಸುಲ್ತಾನ್. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆ ಕಲ್ಯಾಣ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಬರುವ ಹಳೆಯ ಬಂದರು, ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್‌ನಲ್ಲೂ ಅದರ ಹೆಸರಿದೆ. ಅಲ್ಲಿ ಬೆಳೆದ ಆನಂದಿಬಾಯಿ ಜೋಶಿ 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದಳು. ಶುಕ್ರಗ್ರಹದ ಒಂದು ಕುಳಿಗೆ ಅವಳ ಹೆಸರಿದೆ.

ನವಿ ಮುಂಬಯಿಗೆ ಬಂದರೆ ರಾಜಹಂಸ. ನೇರುಳ್, ಐರೋಲಿ ಕಡೆಯ ಕೆಸರು ಕೊಲ್ಲಿಯಲ್ಲಿ ಚಳಿಗಾಲದಿಂದ ಮಳೆಗಾಲದ ಮುಂಚಿನವರೆಗೆ ಗುಲಾಬಿ ಬಣ್ಣ ಹರಡಿರುತ್ತದೆ. ಠಾಣೆ ಕೊಲ್ಲಿ 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಆ ಹಕ್ಕಿಗಳು ಹುಟ್ಟುವಾಗ ಬೂದು ಬಣ್ಣದವು. ತಿನ್ನುವ ಪಾಚಿ ಮತ್ತು ಸಣ್ಣ ಸಿಗಡಿಗಳಲ್ಲಿರುವ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯ ರೆಕ್ಕೆಗೆ ಏರಿದಾಗ ಗುಲಾಬಿಯಾಗುತ್ತವೆ. "ಗುಲಾಬಿ ಹಕ್ಕಿ (4)" ಎಂಬುದನ್ನು ಒಂದು ವಾರದಲ್ಲಿ ಮರೆಯಬಹುದು. ಬಣ್ಣ ಬಂದ ಕಾರಣ ತಿಳಿದವರು ಮರೆಯುವುದಿಲ್ಲ, ಏಕೆಂದರೆ ಹೊಸ ಸಂಗತಿ ಹಳೆಯ ತಿಳಿವಳಿಕೆಗೆ ಕೊಕ್ಕೆ ಹಾಕಿಕೊಂಡಿರುತ್ತದೆ. ಅದಕ್ಕೇ ಉತ್ತರಪಟ್ಟಿ ನೋಡಿ ತುಂಬಿಸುವವರಿಗೆ ದಕ್ಕುವುದು ಕಡಿಮೆ. ಓದಿಕೊಂಡ ಪದಕ್ಕಿಂತ ತಾನೇ ಹುಟ್ಟಿಸಿಕೊಂಡ ಪದ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆಂದು ಸ್ಲಮೆಕಾ ಮತ್ತು ಗ್ರಾಫ್ 1978ರಲ್ಲೇ ತೋರಿಸಿದ್ದಾರೆ.

ಪದಬಂಧ ಬಿಡಿಸಿದರೆ ಮರೆವಿನ ಕಾಯಿಲೆ ಬರುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇಲ್ಲಿ ಜಾಗ್ರತೆಯಿಂದ ಮಾತಾಡಬೇಕು. ನ್ಯೂಯಾರ್ಕಿನ ಬ್ರಾಂಕ್ಸ್ ಅಧ್ಯಯನದಲ್ಲಿ ಮುಂದೆ ಮರೆವಿನ ಕಾಯಿಲೆಗೆ ತುತ್ತಾದ 101 ಜನರ ವಿವರ ನೋಡಿದಾಗ, ಪದಬಂಧ ಬಿಡಿಸುತ್ತಿದ್ದವರಲ್ಲಿ ನೆನಪಿನ ವೇಗದ ಕುಸಿತ ಸುಮಾರು ಎರಡೂವರೆ ವರ್ಷ ತಡವಾಗಿ ಶುರುವಾಗಿತ್ತು ಎಂದು 2011ರ ವರದಿ ಹೇಳಿತು. ಕೊಲಂಬಿಯ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ತಂಡ, ನೆನಪು ಸ್ವಲ್ಪ ಕುಂದಿದ 107 ಜನರನ್ನು 78 ವಾರ ಗಮನಿಸಿ, ಕಂಪ್ಯೂಟರ್ ಆಟಗಳಿಗಿಂತ ಪದಬಂಧ ಮೇಲು ಎಂದು 2022ರಲ್ಲಿ ಪ್ರಕಟಿಸಿತು. ಆದರೆ ಏನನ್ನೂ ಆಡದೆ ಸುಮ್ಮನಿದ್ದವರ ಗುಂಪು ಆ ಪರೀಕ್ಷೆಯಲ್ಲಿ ಇರಲಿಲ್ಲ. 1999ರಲ್ಲಿ ಹ್ಯಾಂಬ್ರಿಕ್, ಸಾಲ್ಟ್‌ಹೌಸ್ ಮತ್ತಿತರರಿಗೆ ಕಂಡದ್ದು ಬೇರೆ: ಪದಬಂಧದಲ್ಲಿ ಗೆಲ್ಲಿಸುವುದು ತರ್ಕದ ಚುರುಕಿಗಿಂತ ಕೂಡಿಟ್ಟ ತಿಳಿವಳಿಕೆ, ವಯಸ್ಸಿನೊಡನೆ ತರ್ಕಶಕ್ತಿ ಇಳಿಯುವುದನ್ನು ಪದಬಂಧ ತಡೆಯುತ್ತದೆಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಆದ್ದರಿಂದ ಇದನ್ನು ಔಷಧಿಯೆಂದು ಯಾರಿಗೂ ಹೇಳಬೇಡಿ. ನೆನಪು ತೀರಾ ಕೈಕೊಡುತ್ತಿದ್ದರೆ ಡಾಕ್ಟರನ್ನು ಕಾಣಬೇಕು.

ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಹರಿಯುವ ಬುದ್ಧಿ, ಹರಳುಗಟ್ಟಿದ ಬುದ್ಧಿ ಎಂದು ಎರಡಾಗಿ ನೋಡಿದರು. ಹೊಸ ಸಮಸ್ಯೆ ಥಟ್ಟನೆ ಬಿಡಿಸುವುದು ಮೊದಲನೆಯದು. ಅದು ಯೌವನದ ನಂತರ ಇಳಿಯುತ್ತ ಹೋಗುತ್ತದೆ. ಓದಿ, ಕೇಳಿ, ಬಾಳಿ ಗಳಿಸಿದ್ದು ಎರಡನೆಯದು. ಅದು ಬಹಳ ಕಾಲ ಏರುತ್ತಲೇ ಇರುತ್ತದೆ. ಎಪ್ಪತ್ತು ದಾಟಿದ ಅಜ್ಜನೂ ಹದಿಮೂರರ ಮೊಮ್ಮಗಳೂ ಒಂದೇ ಹಾಳೆಯ ಮುಂದೆ ಕೂತು, ಒಬ್ಬರಿಗಿಲ್ಲದ್ದನ್ನು ಇನ್ನೊಬ್ಬರು ತುಂಬಿಸುವ ಆಟ ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ. ಕನ್ನಡ ಮಾತಾಡಬಲ್ಲ, ಆದರೆ ಓದಲು ತಡವರಿಸುವ ನಮ್ಮ ಕಡೆಯ ಮಕ್ಕಳಿಗೆ ಚೌಕಕ್ಕೊಂದು ಅಕ್ಷರ ಎಂಬ ನಿಯಮವೇ ಕಾಗುಣಿತದ ಪಾಠ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನದೊಂದು ಕೋರಿಕೆ. ಈ ವರ್ಷದ ಸ್ಮರಣ ಸಂಚಿಕೆಯಲ್ಲಿ ನಮ್ಮದೇ ಊರುಗಳ ಒಂದು ಪದಬಂಧ ಹಾಕಿ. ಮುಂಬೈ ಎಂದರೆ ಎರಡು ಚೌಕ, ಮುಂಬಯಿ ಎಂದರೆ ಮೂರು. ಯಾವುದೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ಅಂಥದ್ದೊಂದಕ್ಕೆ ನನ್ನ ಮಗಳು ಈಗಾಗಲೇ ಮೊದಲ ಸುಳಿವು ಬರೆದಿಟ್ಟಿದ್ದಾಳೆ: 1854ರಲ್ಲಿ ರೈಲು ಬಂದ, ಆನಂದಿಬಾಯಿ ಬೆಳೆದ ಊರು (3).