ಶನಿವಾರ ಶೋ, ಶುಕ್ರವಾರ ರಾತ್ರಿ ಬಸ್ಸು

ಬೆಂಗಳೂರಿನ ನಾಲ್ಕು ಜನರ ಬ್ಯಾಂಡಿಗೆ ಮಂಗಳೂರಲ್ಲಿ ಶನಿವಾರ ಶೋ ಸಿಕ್ಕಿದೆ ಅಂದ್ಕೊಳ್ಳಿ. ದೂರ ಸುಮಾರು 350 ಕಿಲೋಮೀಟರ್. ಆಫೀಸ್ ಮುಗಿಸಿ ರಾತ್ರಿ ಬಸ್ ಹತ್ತಿದ್ರೆ ಬೆಳಗಾಗೋ ಹೊತ್ತಿಗೆ ಶಿರಾಡಿ ಘಾಟಿ ಇಳಿದಿರ್ತಾರೆ. ಮಳೆಗಾಲ ಅಲ್ಲದಿದ್ರೆ!

ಡ್ರಮ್ಮರ್ ಇಡೀ ಡ್ರಮ್ ಸೆಟ್ ಹೊತ್ಕೊಂಡು ಬರಲ್ಲ. ದೊಡ್ಡ ಡ್ರಮ್ಮು, ಆಂಪ್ಲಿಫೈಯರ್ ಸಾಮಾನ್ಯವಾಗಿ ಶೋ ನಡೆಯೋ ಜಾಗದಲ್ಲೇ ಇರುತ್ತೆ, ಇಲ್ಲ ಬಾಡಿಗೆಗೆ ಸಿಗುತ್ತೆ. ಬ್ಯಾಗಲ್ಲಿ ಬರೋದು ಸ್ನೇರ್, ಸಿಂಬಲ್, ಕಾಲಲ್ಲಿ ಒತ್ತೋ ಪೆಡಲ್.

ಘಾಟಿ ಇಳಿದ್ಮೇಲೆ ಕರಾವಳಿಯ ಸೆಕೆ. ಗಿಟಾರಿನ ಮರ ಗಾಳಿಯ ತೇವ ಹೀರಿ ಉಬ್ಬುತ್ತೆ, ಶ್ರುತಿ ಕೆಡುತ್ತೆ. ಅದಕ್ಕೇ ಮೊದಲು ಪೆಟ್ಟಿಗೆಯಿಂದ ತೆಗೆದು ಸುಮ್ನೆ ಇಡ್ತಾರೆ, ಶ್ರುತಿ ಮಾಡೋದು ಆಮೇಲೆ.

ಸೌಂಡ್ ಚೆಕ್ ಸರದಿ ಮಾತ್ರ ಉಲ್ಟಾ. ಕೊನೆಗೆ ನುಡಿಸೋ ದೊಡ್ಡ ಬ್ಯಾಂಡಿಗೆ ಮೊದಲು, ಮೊದಲು ನುಡಿಸೋ ಚಿಕ್ಕ ಬ್ಯಾಂಡಿಗೆ ಕೊನೆಗೆ. ಯಾಕಂದ್ರೆ ಚಿಕ್ಕ ಬ್ಯಾಂಡಿನ ಮೈಕು, ವೈರು ಶೋ ಶುರುವಾಗೋವರೆಗೂ ವೇದಿಕೆ ಮೇಲೆ ಹಾಗೇ ಇರುತ್ತಲ್ಲ! ಕಾದು ಕಾದು ಹದಿನೈದು ನಿಮಿಷ ಸಿಕ್ಕಿದ್ರೆ ಪುಣ್ಯ.

ಬಯಲಲ್ಲಿ ಶೋ ಇದ್ರೆ ಗಡಿಯಾರದ ಕಾಟ ಬೇರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ಮೇಲೆ ಸಾಮಾನ್ಯವಾಗಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಕಾರ್ಯಕ್ರಮ ತಡವಾದ್ರೆ ಯಾರ ಹಾಡಿಗೆ ಕತ್ತರಿ ಅಂತ ಕೇಳ್ಲೇಬೇಡಿ.

ದುಡ್ಡಾ? ಬಸ್ಸು, ಲಾಡ್ಜು ಕಳೆದು ಉಳಿದಿದ್ದನ್ನ ನಾಲ್ಕು ಪಾಲು ಮಾಡಿದ್ರೆ ತಲೆಗೊಂದು ಗಡ್‌ಬಡ್ ಐಸ್‌ಕ್ರೀಮ್ ಗ್ಯಾರಂಟಿ.