ಬೇತಾಳನನ್ನು ರದ್ದಿಗೆ ಹಾಕಿದೆ

ಮುಳಬಾಗಿಲಿನ ನಮ್ಮ ಮನೆಯಲ್ಲಿ ಅಜ್ಜಿ ಓದುವುದು ತೆಲುಗು, ನಾನು ಕನ್ನಡ. ಇಬ್ಬರಿಗೂ ಸೇರುತ್ತಿದ್ದ ಪತ್ರಿಕೆ ಒಂದೇ, ‘ಚಂದಮಾಮ’. ಅಜ್ಜಿಯ ಟ್ರಂಕಿನ ಹಳೆಯ ತೆಲುಗು ಸಂಚಿಕೆಗಳಲ್ಲಿದ್ದ ಬೇತಾಳನೇ ನನ್ನ ಕನ್ನಡ ಸಂಚಿಕೆಯಲ್ಲೂ ವಿಕ್ರಮನ ಹೆಗಲೇರುತ್ತಿದ್ದ. ಓದಿದ ರಾತ್ರಿ ಹಿತ್ತಲಿಗೆ ಹೋಗಲು ಭಯ!

ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. 2013ರ ಹೊತ್ತಿಗೆ ಮುದ್ರಣ ನಿಂತಿತು. ಹಳೆಯ ಸಂಚಿಕೆಗಳು ಪತ್ರಿಕೆಯ ವೆಬ್‌ಸೈಟ್‌ನಲ್ಲಿದ್ದವು. ‘ಎಲ್ಲಾ ಆನ್‌ಲೈನ್‌ನಲ್ಲಿ ಸಿಗುತ್ತೆ ಬಿಡಜ್ಜಿ’ ಎಂದು, ಹೈಸ್ಕೂಲಿನಲ್ಲಿದ್ದ ನಾನು ಟ್ರಂಕು ಖಾಲಿ ಮಾಡಿ ರದ್ದಿಗೆ ಹಾಕಿದೆ. ಕೆಲವೇ ವರ್ಷಗಳಲ್ಲಿ ಆ ವೆಬ್‌ಸೈಟೂ ಮುಚ್ಚಿತು.

ಈಗ ಕೆಲಸ ಹುಡುಕುತ್ತಾ ಬೆಂಗಳೂರಿನ ಬಸ್ಸಿನಲ್ಲಿ ಕುಳಿತಾಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಚಂದಮಾಮ ಓದುತ್ತೇನೆ. ಯಾರೋ ಓದುಗರು ತಮ್ಮ ಪ್ರತಿಗಳನ್ನು ಜೋಪಾನವಾಗಿಟ್ಟು ಸ್ಕ್ಯಾನ್ ಮಾಡಿದ್ದರಿಂದ ಅವು ಉಳಿದಿವೆ. ಮೊನ್ನೆ ಚಿತ್ರಕಾರ ಶಂಕರ್ ಬಿಡಿಸಿದ ಬೇತಾಳನನ್ನು ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆ. ‘ಇವನೇ ನೋಡು!’ ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, ‘ನನ್ನ ಹೆಸರು ಬರೆದಿದ್ದ ಪುಸ್ತಕ ಇದರಲ್ಲಿ ಇದೆಯಾ?’

ಗೆಳೆಯರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆಗಳಿದ್ದರೆ ತೂಕಕ್ಕೆ ಹಾಕಬೇಡಿ. ಸ್ಕ್ಯಾನ್ ಮಾಡಿ, ಆದರೆ ಪುಸ್ತಕವನ್ನೂ ಇಟ್ಟುಕೊಳ್ಳಿ.